ಹುಟ್ಟದ ಕರು, ನನ್ನ ಬಲಗಣ್ಣು ಮತ್ತು ತಮ್ಮ ಆಯುಧಪೂಜೆ

ಜೀವಕೋಶ ಬೆಳೆಸುವ ಸೀರಂಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಚೇರಿಯ ಮಾನ್ಯ ಪರೀಕ್ಷಣಾಧಿಕಾರಿಗಳೇ,

ತಾವು ಮುಚ್ಚಳವನ್ನೇ ತೆರೆಯದೆ ‘ಉತ್ತಮವಾಗಿದೆ’ ಎಂದು ಮೊಹರು ಒತ್ತಿ ಕಳಿಸಿದ ಸೀರಂನಿಂದ ನನ್ನ ಬಲಗಣ್ಣು ಹೋಯಿತು. ಕ್ಷೇಮಸಮಾಚಾರ ಕೇಳುವ ಮೊದಲೇ ಇದನ್ನು ಹೇಳಿಬಿಡುತ್ತಿದ್ದೇನೆ, ಏಕೆಂದರೆ ಕಳೆದ ಸಲ ತಮ್ಮ ಎದುರು ಕುಳಿತು ಕ್ಷೇಮಸಮಾಚಾರದಿಂದ ಶುರು ಮಾಡಿದ್ದೆ. ವಿಷಯಕ್ಕೆ ಬರುವಷ್ಟರಲ್ಲಿ ತಮಗೆ ಊಟದ ಹೊತ್ತಾಗಿತ್ತು. ಕಣ್ಣು ಏಸಿಡ್ ಬಿದ್ದು ಸುಟ್ಟದ್ದು ನಿಜ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಅದು ನನ್ನ ಗ್ರಹಚಾರ. ಸುಟ್ಟ ಕಣ್ಣು ಮರಳಿ ಬರಲಿಕ್ಕಿತ್ತಲ್ಲ, ಅದು ಬಾರದಂತೆ ಆದದ್ದು ಮಾತ್ರ ತಮ್ಮ ಘನ ಕಚೇರಿಯ ಕೃಪೆ.

ನಾನು ಬೆಳ್ತಂಗಡಿ ತಾಲೂಕಿನ ನೆರಿಯದವಳು. ನಮಗೆ ಸ್ವಲ್ಪ ರಬ್ಬರು ಉಂಟು, ಹಟ್ಟಿಯಲ್ಲಿ ದನಗಳುಂಟು. ಗಂಡ ಲೋಕನಾಥರು ರಬ್ಬರು ಮರ ಕೆರೆಯುತ್ತಾರೆ, ಮರದ ಹಾಲು ಹೊತ್ತು ತರುತ್ತಾರೆ. ಅದನ್ನು ಸೋಸಿ, ನೀರು ಬೆರೆಸಿ, ತಟ್ಟೆಗಳಿಗೆ ಹೊಯ್ದು, ಏಸಿಡ್ ಹಾಕಿ, ಹೆಪ್ಪಾದ ಮೇಲೆ ಮಿಷನಿಗೆ ಕೊಟ್ಟು ಶೀಟು ಮಾಡುವುದು ನನ್ನ ಕೆಲಸ. ಮದುವೆಯಾಗಿ ಬಂದಾಗಿನಿಂದ ಮಾಡಿದ್ದೇನೆ, ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ಒಂದು ಬೆಳಗ್ಗೆ, ಏಸಿಡಿನ ಹೊಸ ಕ್ಯಾನಿನ ಮುಚ್ಚಳ ಬಿಗಿಯಾಗಿ ಕುಳಿತಿತ್ತು. ತಿರುಗಿಸಿದೆ, ಬರಲಿಲ್ಲ. ಸೊಂಟಕ್ಕೆ ಆನಿಸಿಕೊಂಡು ಜೋರಾಗಿ ತಿರುಗಿಸಿದೆ. ಮುಚ್ಚಳವೂ ಬಂತು, ಒಳಗಿದ್ದದ್ದೂ ಬಂತು. ಲೋಕನಾಥರು ನನ್ನನ್ನು ಎಳೆದುಕೊಂಡು ಹೋಗಿ ನಳ್ಳಿಯ ಕೆಳಗೆ ತಲೆ ಹಿಡಿದರು. ‘ಕಣ್ಣು ಬಿಡು ಪ್ರಭಾ, ಕಣ್ಣು ಬಿಡು ಮಾರಾಯ್ತಿ’ ಎಂದು ಕೂಗುತ್ತಿದ್ದದ್ದು ನೆನಪಿದೆ. ನಾನು ಬಿಟ್ಟೇ ಇದ್ದೆ. ಬಿಟ್ಟರೂ ಆ ಕಡೆ ಎಲ್ಲ ಬೆಳ್ಳಗೆ ಮಂಜು ಕವಿದ ಹಾಗೆ ಇತ್ತು.

ಮುಂದಿನ ಕೆಲವು ತಿಂಗಳು ಗಾಯ ಮಾಗುವುದರಲ್ಲಿ ಹೋಯಿತು. ಪೇಟೆಯ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಆಮೇಲೆ ಕೂರಿಸಿ ಹೇಳಿದರು. ಕಣ್ಣಿನ ಕಪ್ಪು ಭಾಗದ ಅಂಚಿನಲ್ಲಿ ಬೀಜದಂತಹ ಜೀವಕೋಶಗಳು ಇರುತ್ತವಂತೆ, ಅವು ದಿನವೂ ಮೇಲ್ಪದರವನ್ನು ಹೊಸತು ಮಾಡುತ್ತಾ ಇರುತ್ತವಂತೆ. ನನ್ನ ಬಲಗಣ್ಣಿನಲ್ಲಿ ಅವೆಲ್ಲ ಸುಟ್ಟುಹೋಗಿ ಕಣ್ಣಿನ ಮೇಲೆ ಪೊರೆ ಬೆಳೆದಿತ್ತು. ಎಡಗಣ್ಣಿನ ಅಂಚಿನಿಂದ ಇಷ್ಟೇ ಇಷ್ಟು ತುಣುಕು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಬಲಗಣ್ಣಿಗೆ ನೆಟ್ಟರೆ ದೃಷ್ಟಿ ಬರಬಹುದು ಎಂದರು. ಬೇರೆ ಕ್ರಮಗಳೂ ಉಂಟು, ನಿಮ್ಮ ಕಣ್ಣಿಗೆ ಇದೇ ಆಗಬೇಕು ಎಂದರು.

ಮಾನ್ಯರೇ, ಇದನ್ನು ಓದುವಾಗ ಒಮ್ಮೆ ತಮ್ಮ ಕನ್ನಡಕ ತೆಗೆದಿಟ್ಟು ಯೋಚಿಸಿ. ನನಗೆ ಉಳಿದದ್ದು ಒಂದೇ ಕಣ್ಣು. ಆ ಒಂದಕ್ಕೆ ಕತ್ತರಿ ಹಾಕಲಿಕ್ಕೆ ಒಪ್ಪಬೇಕು. ಲೋಕನಾಥರು ‘ಬೇಡ, ಇದ್ದದ್ದು ಇರಲಿ, ಇನ್ನೊಂದೂ ಹೋದರೆ ಎಂತ ಮಾಡುವುದು’ ಎಂದರು. ಅತ್ತೆ ಧರ್ಮಸ್ಥಳಕ್ಕೆ ಹರಕೆ ಹೇಳಿಕೊಂಡರು. ನಾನು ಮಾತ್ರ ಹೂಂ ಅಂದೆ. ಯಾಕೆ ಅಂದೆ ಎಂದರೆ, ಡಾಕ್ಟರಮ್ಮನ ಪ್ರಯೋಗಾಲಯದಲ್ಲಿ ಹನಾ ಎಂಬ ಹುಡುಗಿ ಇದ್ದಳು.

ಹನಾ ಪಾಣೆಮಂಗಳೂರಿನವಳು. ಅಪ್ಪ ಗಲ್ಫಿನಲ್ಲಿ, ಮನೆಯಲ್ಲಿ ಅಜ್ಜಿ ಮೈಮೂನಮ್ಮ. ಕೋಶ ಬೆಳೆಸುವ ವಿದ್ಯೆ ಕಲಿತು ಬಂದವಳು, ನನ್ನ ತುಣುಕನ್ನು ನೋಡಿಕೊಳ್ಳಬೇಕಾದವಳು ಅವಳೇ. ಬಾಯಿ ತುಂಬ ಮಾತು, ಕೆಲಸದಲ್ಲಿ ಅಷ್ಟೇ ಹುಷಾರು. ಸುಳ್ಳು ಸಮಾಧಾನ ಅವಳಿಗೆ ಗೊತ್ತೇ ಇರಲಿಲ್ಲ. ನಾನು ದನ ಸಾಕಿದವಳಲ್ಲವೇ, ಮೊದಲು ಕೇಳಿದ್ದೇ ಮೇವಿನ ವಿಷಯ. ‘ಅಷ್ಟು ಚಿಕ್ಕದನ್ನು ಬೆಳೆಸ್ತೀ ಅಂತೀಯಲ್ಲ ಮಗಾ, ಅದಕ್ಕೆ ತಿನ್ಲಿಕ್ಕೆ ಎಂತ ಕೊಡುದು?’

ಅವಳು ನನ್ನ ಪಕ್ಕಕ್ಕೆ ಬಂದು ಕುಳಿತಳು. ‘ಅಕ್ಕ, ಹೇಳ್ತೇನೆ, ನೀವು ಬೇಜಾರು ಮಾಡ್ಬಾರ್ದು. ಸೀರಂ ಅಂತ ಉಂಟು. ರಕ್ತ ಹೆಪ್ಪಾದ ಮೇಲೆ ಮೇಲೆ ನಿಲ್ಲುವ ತಿಳಿ. ಹೊರದೇಶದಿಂದ ಬರುದು. ಕಸಾಯಿಖಾನೆಯಲ್ಲಿ ಗಬ್ಬದ ದನ ಇದ್ರೆ, ಅದರ ಹೊಟ್ಟೆಯಲ್ಲಿರುವ ಕರು ಉಂಟಲ್ಲ, ಇನ್ನೂ ಹುಟ್ಟದ್ದು, ಅದರ ರಕ್ತದಿಂದ ತೆಗೀತಾರೆ. ಬೇರೆ ಎಂತ ಕೊಟ್ರೂ ಈ ಕೋಶಗಳು ಅಷ್ಟು ಚೆಂದ ಬೆಳೆಯುದಿಲ್ಲ. ನಿಮಗೆ ಬೇಡ ಅಂತ ಅನ್ನಿಸಿದ್ರೆ ಈಗಲೇ ಹೇಳಿ, ಡಾಕ್ಟ್ರಿಗೆ ನಾನು ಹೇಳ್ತೇನೆ.’

‘ನಾಳೆ ಹೇಳ್ತೇನೆ’ ಎಂದು ಎದ್ದೆ. ಮನೆಗೆ ಬಂದು ಸೀದಾ ಹಟ್ಟಿಗೆ ಹೋದೆ. ನಮ್ಮ ದನ ಬೊಳ್ಳಿ ಆಗ ಗಬ್ಬದಲ್ಲಿದ್ದಳು. ಅವಳ ಬಲ ಪಕ್ಕೆಯ ಮೇಲೆ ಕೈ ಇಟ್ಟರೆ ಒಳಗಿನ ಕರು ಒದೆಯುವುದು ತಿಳಿಯುತ್ತಿತ್ತು. ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಅತ್ತುಬಿಟ್ಟೆ. ಸುಟ್ಟ ಕಣ್ಣಿನಿಂದಲೂ ನೀರು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ನಾನು ದೊಡ್ಡ ಜ್ಞಾನಿಯಲ್ಲ, ನನ್ನ ಮನಸ್ಸಿಗೆ ತೋಚಿದ್ದನ್ನು ಬೊಳ್ಳಿಯ ಹತ್ತಿರ ಹೇಳಿಕೊಂಡೆ. ಎಲ್ಲಿಯದೋ ಒಂದು ಕರು, ಅದು ಹೇಗೂ ಹೋಗಿದೆ, ನಾನು ಬೇಡ ಎಂದರೂ ಎದ್ದು ಬರುವುದಿಲ್ಲ. ಅದರಿಂದ ನನಗೆ ಒಂದು ಕಣ್ಣು ಬರುವುದಾದರೆ ಬರಲಿ, ಬದುಕಿರುವಷ್ಟು ದಿನ ನಾನು ಅದನ್ನು ನೆನೆಯುತ್ತೇನೆ, ನೀನು ಬೇಜಾರು ಮಾಡಬೇಡ. ಬೊಳ್ಳಿ ನನ್ನ ಸೆರಗು ನೆಕ್ಕುತ್ತಿದ್ದಳು. ಅವಳಿಗೆ ಹಿಂಡಿ ಬೇಕಿತ್ತು, ಅಷ್ಟೇ ಇರಬಹುದು. ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಎಡಗಣ್ಣಿನಿಂದ ತುಣುಕು ತೆಗೆದರು. ಕೆಲವು ದಿನ ಆ ಕಣ್ಣಿಗೂ ಪಟ್ಟಿ ಇತ್ತು, ನಾನು ಪೂರಾ ಕತ್ತಲೆಯಲ್ಲಿದ್ದೆ. ಲೋಕನಾಥರು ಗಂಜಿ ಕಲಸಿ ಕೊಡುತ್ತಿದ್ದರು, ಉಪ್ಪಿನಕಾಯಿ ಯಾವ ಬದಿಗೆ ಉಂಟು ಎಂದು ಹೇಳುತ್ತಿದ್ದರು. ಹನಾ ದಿನಾ ಫೋನು ಮಾಡುತ್ತಿದ್ದಳು. ‘ಅಕ್ಕ, ಅಂಟಿಕೊಂಡಿದೆ.’ ‘ಅಕ್ಕ, ಸುತ್ತ ಚಿಗುರು ಬಿಟ್ಟ ಹಾಗೆ ಬರ್ತಾ ಉಂಟು, ನೀವು ನೋಡ್ಬೇಕಿತ್ತು.’ ನಾನು ನಗುತ್ತಿದ್ದೆ. ‘ನೋಡ್ಲಿಕ್ಕೆ ಆಗುದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ ಮಗಾ?’ ಎಂದರೆ ಅವಳೂ ನಗುತ್ತಿದ್ದಳು. ಲೋಕನಾಥರು ಎಷ್ಟು ನಂಬಿಬಿಟ್ಟರೆಂದರೆ, ಡಿಸೆಂಬರಿನಲ್ಲಿ ನಮ್ಮ ಕಡೆ ನಡೆಯುವ ಯಕ್ಷಗಾನಕ್ಕೆ ಈ ಸಲ ಎದುರಿನ ಸಾಲಿನಲ್ಲೇ ಕೂರುವ ಎಂದು ಹೇಳಿಟ್ಟರು.

ಆಮೇಲೆ ಒಂದು ದಿನ ಫೋನು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಾನೇ ಮಾಡಿದರೆ ಡಾಕ್ಟರಮ್ಮ ಎತ್ತಿದರು. ಕೋಶಗಳು ಬೆಳೆಯುವುದು ನಿಂತಿದೆ, ತಟ್ಟೆಯಿಂದ ಬಿಟ್ಟುಕೊಳ್ಳುತ್ತಾ ಇವೆ, ಹೀಗಾಗಬಾರದಿತ್ತು ಎಂದರು. ಎರಡು ದಿನ ಕಳೆಯುವಷ್ಟರಲ್ಲಿ ಎಲ್ಲ ಸತ್ತುಹೋಗಿದ್ದವು. ನನ್ನ ಎಡಗಣ್ಣಿನ ತುಣುಕು ಹೋಯಿತು, ಬಲಗಣ್ಣಿಗೆ ನೆಡಲಿಕ್ಕೆ ಏನೂ ಉಳಿಯಲಿಲ್ಲ. ಅದೇ ವಾರ ಬೊಳ್ಳಿ ಈದಳು. ಹೆಣ್ಣುಕರು. ಹಟ್ಟಿಯಲ್ಲಿ ಗಿಣ್ಣು ಕಾಯಿಸುವ ಸಡಗರ, ನಾನು ಒಳಗೆ ಮುಸುಕು ಹಾಕಿಕೊಂಡು ಮಲಗಿದ್ದೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗೊತ್ತಾಯಿತು, ಹನಾ ಕೆಲಸಕ್ಕೆ ಬರುತ್ತಿಲ್ಲವಂತೆ. ನನ್ನ ಕೈಯಿಂದಲೇ ಎಲ್ಲ ಹಾಳಾಯಿತು ಎಂದು ಮನೆಯಲ್ಲಿ ಕೋಣೆ ಹಿಡಿದಿದ್ದಾಳಂತೆ. ಲೋಕನಾಥರನ್ನು ಹೊರಡಿಸಿಕೊಂಡು ಪಾಣೆಮಂಗಳೂರಿಗೆ ಹೋದೆ. ಕಣ್ಣು ಕಳೆದುಕೊಂಡವಳು ನಾನು, ಸಮಾಧಾನ ಹೇಳಲು ಹೋದವಳೂ ನಾನು! ಹೊಳೆಯ ಬದಿಯ ಓಣಿಯಲ್ಲಿ ಅವರ ಮನೆ. ಮೈಮೂನಮ್ಮ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ‘ಅನ್ನ ನೀರು ಮುಟ್ಟುದಿಲ್ಲ ಮಗಳೇ ಅವಳು, ನೀನಾದ್ರೂ ಹೇಳು’ ಎಂದರು. ಒಳಗೆ ಹನಾ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ನನ್ನ ಸ್ವರ ಕೇಳಿದ್ದೇ ತಡ, ಬಂದು ತಬ್ಬಿಕೊಂಡಳು. ‘ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಾ ಇಲ್ಲ ಅಕ್ಕ. ಕೈ ಸರಿಯಾಗಿ ತೊಳೆದಿದ್ದೇನೆ. ಎಲ್ಲ ಸರಿ ಮಾಡಿದ್ದೇನೆ’ ಎಂದು ಹೇಳಿದ್ದನ್ನೇ ಹೇಳಿದಳು. ‘ಹಾಗಾದ್ರೆ ಅಳುವುದು ಬಿಡು, ಎಲ್ಲಿ ತಪ್ಪಿತು ಅಂತ ಹುಡುಕು’ ಎಂದೆ. ಮೈಮೂನಮ್ಮ ನಮ್ಮಿಬ್ಬರಿಗೂ ಅಕ್ಕಿಯ ಪತ್ತಿರಿ ರೊಟ್ಟಿ ಬಡಿಸಿ, ತಿಂದು ಮುಗಿಸುವವರೆಗೆ ಎದುರಿಗೇ ಕುಳಿತಿದ್ದರು.

ಹುಡುಕಿದಳು. ಉಳಿದಿದ್ದ ಸೀರಂ ಅನ್ನು ಡಾಕ್ಟರಮ್ಮನಿಗೆ ಹೇಳಿ ದೂರದ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದಳು. ಅದರೊಳಗೆ ಮೈಕೋಪ್ಲಾಸ್ಮಾ ಎಂಬ ರೋಗಾಣು ಇತ್ತು. ಅದು ಎಷ್ಟು ಸಣ್ಣದೆಂದರೆ ಸೋಸಿದರೂ ನುಸುಳುತ್ತದಂತೆ. ಸೀರಂ ಕದಡುವುದಿಲ್ಲ, ವಾಸನೆ ಬರುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಕೋಶಗಳ ಊಟದಲ್ಲಿ ಕೂತು ಅವನ್ನು ನಿಧಾನಕ್ಕೆ ತಿಂದುಹಾಕುತ್ತದೆ. ಕಂಡುಹಿಡಿಯಬೇಕಾದರೆ ಸೀರಂನ ಮಾದರಿಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ವಾರಗಟ್ಟಲೆ ಕಾದು, ಏನಾದರೂ ಬೆಳೆಯುತ್ತದೆಯೇ ಎಂದು ನೋಡಬೇಕು. ಆ ಕೆಲಸಕ್ಕೆಂದೇ ಸರಕಾರ ತಮಗೆ ಕಚೇರಿ, ಪೆಟ್ಟಿಗೆ, ಕುರ್ಚಿ ಎಲ್ಲ ಕೊಟ್ಟಿದೆ. ‘ಅವರ ಸರ್ಟಿಫಿಕೇಟು ಇತ್ತು ಅಕ್ಕ, ಅದನ್ನು ನಂಬಿದೆವು’ ಎಂದಳು ಹನಾ. ಆಸ್ಪತ್ರೆಯವರೂ ಒಮ್ಮೆ ನೋಡಿಕೊಳ್ಳಬೇಕಿತ್ತು ಎಂದು ತಾವು ಹೇಳಬಹುದು. ಹೌದು, ಅದನ್ನು ನಾನೇ ಡಾಕ್ಟರಮ್ಮನ ಮುಖಕ್ಕೆ ಹೇಳಿದ್ದೇನೆ. ಅವರು ತಲೆ ತಗ್ಗಿಸಿ ಕೇಳಿದರು, ಕ್ಷಮೆ ಕೇಳಿದರು. ತಾವು ಏನು ಮಾಡಿದಿರಿ?

ಏನು ಮಾಡಿದಿರಿ ಎಂಬುದನ್ನು ನಾನೇ ಬರೆಯುತ್ತೇನೆ, ಓದುವವರಿಗೂ ತಿಳಿಯಲಿ. ಕಳೆದ ಬೇಸಗೆಯಲ್ಲಿ ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದು ತಮ್ಮ ಕಚೇರಿಗೆ ಬಂದೆವು. ತಾವು ಮೀಟಿಂಗಿನಲ್ಲಿದ್ದಿರಿ. ಹೊರಗೆ ಬೆಂಚಿನಲ್ಲಿ ಕಾಯುವಾಗ ಪರೀಕ್ಷಾ ಕೋಣೆಯ ಸಹಾಯಕ ರುಕ್ಮಯ್ಯ ನೀರು ತಂದುಕೊಟ್ಟರು. ನಮ್ಮೂರ ಕಡೆಯ ಸಂಬಂಧ ಉಂಟು ಎಂದು ಗೊತ್ತಾಗಿ ಹತ್ತಿರ ಕುಳಿತರು. ಯಾವ ತಿಂಗಳಿನ ಬ್ಯಾಚು ಎಂದು ಕೇಳಿದರು. ನಾನು ಹೇಳಿದೆ. ಅವರ ಮುಖ ಸಣ್ಣದಾಯಿತು.

‘ಅಯ್ಯೋ ದೇವೆರೇ, ಅದಾ?’ ಎಂದರು. ‘ಅದು ಆಯುಧಪೂಜೆಯ ಹೊತ್ತಿಗೆ ಬಂದದ್ದು ಅಕ್ಕ. ಹಿಂದಿನ ದಿನವೇ ನಾವು ಎಲ್ಲ ಮಿಷನು ತೊಳೆದು ಒರೆಸಿ ಇಟ್ಟಿದ್ದೆವು. ಭಟ್ರು ಬಂದು ಗಂಧ ಹಚ್ಚಿ, ಹೂ ಹಾಕಿ, ಆರತಿ ಎತ್ತಿ ಹೋಗಿದ್ರು. ಆ ಬೆಚ್ಚನೆ ಪೆಟ್ಟಿಗೆಗೂ ಪೂಜೆ ಆಗಿತ್ತು. ಆಮೇಲೆ ಇದು ಬಂತಲ್ಲ. ಗಂಧ ಹಚ್ಚಿದ ಪೆಟ್ಟಿಗೆಯೊಳಗೆ ಕರುವಿನ ರಕ್ತದ್ದು ಇಡ್ಲಿಕ್ಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಪ್ರತಿ ವರ್ಷ ಆ ಹೊತ್ತಿಗೆ ಬಂದ್ರೆ ನಾವು ಸ್ವಲ್ಪ ದಿನ ಬಿಡ್ತೇವೆ. ಗಂಧ ಒಣಗಿ ಉದುರಿದ ಮೇಲೆ ಇಡ್ತೇವೆ. ಆ ಸಲ ಆಸ್ಪತ್ರೆಯಿಂದ ಬೇಗ ಬೇಕು ಅಂತ ಫೋನು ಬಂತು. ಅದಕ್ಕೆ ಸಾಹೇಬ್ರು, ಹಿಂದಿನ ಬ್ಯಾಚು ಚೆನ್ನಾಗಿತ್ತಲ್ಲ, ಅದೇ ಕಂಪೆನಿಯದ್ದು, ಹಾಗೇ ಬರೆದು ಕಳಿಸುವ ಅಂದ್ರು.’

ಲೋಕನಾಥರು ಎದ್ದು ಹೊರಗೆ ಹೋದರು. ಸಿಟ್ಟು ಬಂದರೆ ಅವರು ಮಾತಾಡುವುದಿಲ್ಲ, ಎದ್ದು ಹೋಗುತ್ತಾರೆ. ನನಗೆ ಆ ಅಭ್ಯಾಸವಿಲ್ಲ ಎಂಬುದು ಅರ್ಧ ಗಂಟೆ ಕಳೆದು ತಮಗೆ ಗೊತ್ತಾಯಿತು.

ತಾವು ಒಳ್ಳೆಯವರ ಹಾಗೆಯೇ ಮಾತಾಡಿದಿರಿ. ಫ್ಯಾನಿನ ಗಾಳಿ ನನಗೆ ತಾಗಲೆಂದು ಕುರ್ಚಿ ಈಚೆ ಎಳೆಸಿದಿರಿ. ‘ನೋಡಿ ಅಮ್ಮ, ನಿಮಗಾದದ್ದು ನನಗೂ ಬೇಸರ ಉಂಟು. ಆದರೆ ಧಾರ್ಮಿಕ ಭಾವನೆ ಅಂತ ಒಂದು ಉಂಟಲ್ವಾ? ನೀವೂ ದನ ಸಾಕುವವರು, ಗೋಪೂಜೆ ಮಾಡುವವರು. ನಿಮಗಾದ್ರೂ ಅರ್ಥ ಆಗ್ಬೇಕು’ ಎಂದಿರಿ. ನಾನು ಆಗ ಏನು ಹೇಳಿದೆನೋ, ಹೇಗೆ ಹೇಳಿದೆನೋ ನೆನಪಿಲ್ಲ. ಕೂಗಾಡಿದ್ದಷ್ಟೇ ತಮಗೆ ಕೇಳಿಸಿರಬೇಕು. ಇಲ್ಲಿ ಸಮಾಧಾನದಿಂದ ಹೇಳುತ್ತೇನೆ, ಕೇಳಿ.

ಹೌದು ಮಾನ್ಯರೇ, ನಾನು ಗೋಪೂಜೆ ಮಾಡುವವಳೇ. ನಮ್ಮ ರಬ್ಬರ್ ಮಿಷನಿಗೂ ಆಯುಧಪೂಜೆಯ ದಿನ ಗಂಧ ಹಚ್ಚುತ್ತೇವೆ. ಟ್ಯಾಪಿಂಗ್ ಕತ್ತಿಗೆ, ಹುಲ್ಲು ಕೊಯ್ಯುವ ಕತ್ತಿಗೆ, ಲೋಕನಾಥರ ಸ್ಕೂಟರಿಗೆ ಎಲ್ಲದಕ್ಕೂ ಹೂ ಇಡುತ್ತೇವೆ. ಮಾರನೆಯ ಬೆಳಗ್ಗೆ ಅದೇ ಕತ್ತಿಯಿಂದ ಮರ ಕೆರೆಯುತ್ತೇವೆ. ಗಂಧ ಒಣಗಲಿ ಎಂದು ಕಾದರೆ ಮರ ಕಾಯುತ್ತದೆಯೇ? ಹಟ್ಟಿಯ ದನ ಕಾಯುತ್ತದೆಯೇ? ಆಯುಧಕ್ಕೆ ಪೂಜೆ ಮಾಡುವುದು ಅದರಿಂದ ಕೆಲಸ ಆಗಲಿ ಎಂದು. ಕೆಲಸಕ್ಕೆ ರಜೆ ಸಿಗಲಿ ಎಂದು ಪೂಜೆ ಮಾಡುವ ಕ್ರಮ ಯಾವ ಊರಿನದ್ದು? ನಮ್ಮ ಅತ್ತೆ ಇಷ್ಟು ಮಡಿಯವರು, ಅವರಿಗೇ ಇದು ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೇಳಿದ್ದೆ, ನಮ್ಮ ಪಾಲಿನ ಪೂಜಾರಿ ಬಿಳಿ ಕೋಟು ಹಾಕಿಕೊಂಡು ಕುಳಿತಿರುತ್ತಾನೆ ಎಂದು ಗೊತ್ತಿರಲಿಲ್ಲ.

ಇನ್ನು ‘ಹಿಂದಿನ ಬ್ಯಾಚು ಚೆನ್ನಾಗಿತ್ತು’ ಎಂಬ ಮಾತು. ನಮ್ಮೂರಿನ ಹಾಲಿನ ಸೊಸೈಟಿಗೆ ಒಮ್ಮೆ ಬನ್ನಿ. ಬೆಳಗ್ಗೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಹಾಲನ್ನೂ ನೋಡಿಯೇ ಕ್ಯಾನಿಗೆ ಹೊಯ್ಯುವುದು. ನಿನ್ನೆ ಚೆನ್ನಾಗಿತ್ತು ಎಂದು ಇವತ್ತು ಬಿಡುವುದಿಲ್ಲ. ಅಧ್ಯಕ್ಷರ ಹೆಂಡತಿ ತಂದರೂ ಬಿಡುವುದಿಲ್ಲ. ಒಮ್ಮೆ ನಮ್ಮ ದನಕ್ಕೆ ಕೆಚ್ಚಲು ಬಾವಾಗಿ ಇಂಜೆಕ್ಷನ್ ಕೊಡಿಸಿದ್ದೆವು. ಆ ವಾರ ಇಡೀ ನನ್ನ ಹಾಲನ್ನು ವಾಪಸು ಕಳಿಸಿದರು. ಎಲ್ಲರೆದುರು ಪಾತ್ರೆ ಹಿಡಿದುಕೊಂಡು ಮನೆಗೆ ನಡೆದ ನನಗೆ ಎಂಥ ಸಿಟ್ಟು ಬಂದಿತ್ತು! ‘ವರ್ಷಗಟ್ಟಲೆ ಹೊಯ್ದಿದ್ದೇನೆ, ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ದಾರಿಯುದ್ದಕ್ಕೂ ಬೈದಿದ್ದೆ. ಆ ಹಾಲು ಯಾವುದೋ ಊರಿನ ಯಾವುದೋ ಮಗುವಿನ ಬಾಯಿಗೆ ಹೋಗುವಂಥದ್ದು. ನನಗೆ ಆ ಮಗುವಿನ ಗುರುತಿಲ್ಲ, ಸೊಸೈಟಿಯವರಿಗೂ ಗುರುತಿಲ್ಲ. ಆದರೂ ನೋಡುತ್ತಾರೆ. ತಮಗೂ ನನ್ನ ಗುರುತಿರಲಿಲ್ಲ, ತಾವು ನೋಡಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ನನ್ನ ದುಃಖ ಇದಲ್ಲ. ಉದಾಸೀನ ಮಾಡುವ ಕಚೇರಿಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದಕ್ಕೆ ಅಳುವವಳಲ್ಲ. ತಾವು ಗೋವಿನ ಹೆಸರು ಹೇಳಿದಿರಲ್ಲ, ಅದು ನನಗೆ ತಡೆಯಲಿಕ್ಕೆ ಆಗುತ್ತಿಲ್ಲ. ಗೋವಿನ ಮೇಲಿನ ಭಕ್ತಿಯಿಂದ ತಾವು ಆ ಬಾಟಲಿಯನ್ನು ಮುಟ್ಟಲಿಲ್ಲ. ಹಾಗಾದರೆ ಆ ಕರುವಿಗೆ ತಾವು ಏನು ಉಪಕಾರ ಮಾಡಿದಂತಾಯಿತು? ಅದರ ತಾಯಿಯನ್ನು ಕೊಂದಾಗಿತ್ತು. ಅದು ಬೆಳಕು ನೋಡದೆ ಹೋಗಿತ್ತು. ಅದರ ರಕ್ತ ಸಮುದ್ರ ದಾಟಿ ತಮ್ಮ ಬಾಗಿಲಿಗೆ ಬಂದಿತ್ತು. ಇಷ್ಟೆಲ್ಲ ಆದ ಮೇಲೆ ಅದಕ್ಕೆ ಉಳಿದದ್ದು ಒಂದೇ ಗತಿ, ಯಾರಿಗಾದರೂ ಕಣ್ಣಾಗುವುದು, ಆಗದಿದ್ದರೆ ಯಾರ ಕಣ್ಣನ್ನೂ ಕಳೆಯದಿರುವುದು. ತಾವು ಅದನ್ನೂ ತಪ್ಪಿಸಿದಿರಿ. ಆ ಕರು ಹುಟ್ಟಲೂ ಇಲ್ಲ, ನನ್ನ ಕಣ್ಣು ಬರಲೂ ಇಲ್ಲ. ಬದುಕಿರುವಷ್ಟು ದಿನ ನೆನೆಯುತ್ತೇನೆ ಎಂದು ಬೊಳ್ಳಿಗೆ ಮಾತು ಕೊಟ್ಟಿದ್ದೆ. ನೆನೆಯುತ್ತಲೇ ಇದ್ದೇನೆ, ಈಗ ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬೊಳ್ಳಿಯ ಕರು ಈಗ ಬೆಳೆದಿದೆ. ಬಲು ಪೋಕರಿ. ನನ್ನ ಬಲಬದಿಯಿಂದ ಬಂದು ಒಮ್ಮೆಲೇ ಮೂತಿ ತಾಗಿಸುತ್ತದೆ. ಆ ಕಡೆ ನನಗೆ ಕಾಣುವುದಿಲ್ಲವಲ್ಲ, ಪ್ರತಿ ಸಲವೂ ಬೆಚ್ಚಿ ಬೀಳುತ್ತೇನೆ. ನಾನು ಬೆಚ್ಚಿದ್ದಕ್ಕೆ ಅದೂ ಬೆಚ್ಚಿ ನಾಲ್ಕು ಹೆಜ್ಜೆ ಹಿಂದೆ ಓಡಿ ನಿಂತು ನೋಡುತ್ತದೆ. ಪಾಪ, ತಾನೇನು ತಪ್ಪು ಮಾಡಿದೆ ಎಂದು ಅದಕ್ಕೆ ಅರ್ಥವಾಗುವುದಿಲ್ಲ. ಏಸಿಡಿನ ಕೆಲಸವನ್ನು ಲೋಕನಾಥರು ನನ್ನಿಂದ ಬಿಡಿಸಿದ್ದಾರೆ. ಚಹಾ ಲೋಟಕ್ಕೆ ಹೊಯ್ಯುವಾಗ ಹೊರಗೆ ಚೆಲ್ಲುತ್ತದೆ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಲಿನಿಂದ ತಡಕುತ್ತೇನೆ. ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ. ‘ಉತ್ತಮವಾಗಿದೆ’ ಎಂದು ತಾವು ಒತ್ತಿದ ಒಂದು ಪದ ನೆರಿಯದ ಒಂದು ಮನೆಯಲ್ಲಿ ಹೀಗೆ ಕಾಣಿಸುತ್ತದೆ ಎಂದು ತಮಗೆ ತಿಳಿದಿರಲಿ.

ಈಗ ವಿಷಯಕ್ಕೆ ಬರುತ್ತೇನೆ. ಡಾಕ್ಟರಮ್ಮ ಇನ್ನೊಂದು ಸಲ ಪ್ರಯತ್ನಿಸಬಹುದು ಎಂದಿದ್ದಾರೆ. ಎಡಗಣ್ಣಿನಿಂದ ಇನ್ನೊಂದು ತುಣುಕು ತೆಗೆಯಬೇಕು. ಇದು ಕೊನೆಯದು, ಮೂರನೆಯ ಸಲ ಕೇಳಲಿಕ್ಕೆ ನನಗೆ ಧೈರ್ಯ ಇಲ್ಲ ಎಂದು ಅವರೇ ಹೇಳಿದರು. ಲೋಕನಾಥರು ಈ ಸಲ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ‘ನಿನ್ನ ಕಣ್ಣು, ನೀನು ಹೇಳಿದ ಹಾಗೆ’ ಎಂದು ಹಟ್ಟಿಗೆ ಹೋದರು. ಹನಾ ಪುನಃ ಕೆಲಸಕ್ಕೆ ಸೇರಿದ್ದಾಳೆ. ಬೇಕಾದ ಸೀರಂನ ಹೊಸ ಬ್ಯಾಚು ಬಂದಿದೆ, ಈಗ ತಮ್ಮ ಕಚೇರಿಯ ಫ್ರೀಜರಿನಲ್ಲೇ ಉಂಟು ಎಂದು ಅವಳೇ ಹೇಳಿದಳು. ಚೌತಿ ಕಳೆಯಿತು. ನವರಾತ್ರಿ ಹತ್ತಿರ ಬಂತು. ರುಕ್ಮಯ್ಯ ಮಿಷನು ತೊಳೆಯಲಿಕ್ಕೆ ಬಟ್ಟೆ ಹುಡುಕುವ ಹೊತ್ತು. ಅವರ ಮೇಲೆ ತಾವು ಸಿಟ್ಟಾಗಬೇಡಿ. ಆ ಕಚೇರಿಯಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ.

ನನಗೆ ಪರಿಹಾರ ಬೇಡ. ಯಾರನ್ನೂ ವರ್ಗ ಮಾಡಿಸುವುದು ಬೇಡ, ತನಿಖೆಯ ಸಮಿತಿಯೂ ಬೇಡ; ಸಮಿತಿಯವರಿಗೆ ಚಹಾ ಕೊಟ್ಟು ಸುಸ್ತಾಗುವುದು ಪುನಃ ರುಕ್ಮಯ್ಯನೇ. ಆ ಬ್ಯಾಚನ್ನು ಪರೀಕ್ಷಿಸಿ. ಎಷ್ಟು ವಾರ ಬೇಕೋ ಅಷ್ಟು ವಾರ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ನೋಡಿ. ಬೇಗ ಬೇಕು ಎಂದು ಆಸ್ಪತ್ರೆಯಿಂದ ಫೋನು ಬಂದರೆ, ಕಾಯಲಿ ಎಂದು ನೆರಿಯದವಳೇ ಹೇಳಿದ್ದಾಳೆ ಎನ್ನಿ. ಇನ್ನು ಮುಂದೆ ಬರುವ ಪ್ರತಿಯೊಂದು ಬ್ಯಾಚನ್ನೂ, ಹಬ್ಬವಿರಲಿ ಹರಿದಿನವಿರಲಿ, ಹಾಗೆಯೇ ನೋಡಿ. ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆಯಿರಿ, ನಾನು ಮುಂದಿನ ಬ್ಯಾಚಿಗೆ ಕಾಯುತ್ತೇನೆ. ಚೆನ್ನಾಗಿದ್ದರೆ ಹನಾಳಿಗೆ ತಾವೇ ಫೋನು ಮಾಡಿ, ‘ನಾನು ನೋಡಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ಅವಳು ನನಗೆ ಹೇಳುತ್ತಾಳೆ. ಆ ಫೋನು ಬರುವವರೆಗೆ ನಾನು ನನ್ನ ಎಡಗಣ್ಣನ್ನು ಯಾರ ಕೈಗೂ ಕೊಡುವುದಿಲ್ಲ.

ಆಯುಧಪೂಜೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಮಾಡಿ. ಪೆಟ್ಟಿಗೆಗೆ ಗಂಧ ಹಚ್ಚಿ, ಹೂ ಹಾಕಿ, ಆರತಿ ಎತ್ತಿ. ಆಮೇಲೆ ಫ್ರೀಜರಿನ ಬಾಗಿಲು ತೆಗೆದು ಆ ಬಾಟಲಿಯನ್ನೂ ಈಚೆ ತನ್ನಿ, ಅದರ ಮೇಲೂ ಒಂದು ಹೂ ಇಡಿ. ಪೆಟ್ಟಿಗೆಯಲ್ಲಿ ಇರುವುದು ತಗಡು ಮಾತ್ರ. ಬಾಟಲಿಯಲ್ಲಿ ಒಂದು ಕರು ಇದೆ. ಅದಕ್ಕೆ ಕೈ ಮುಗಿದು, ಮುಚ್ಚಳ ತೆರೆಯಿರಿ.

ಇಂತಿ,
ತಮ್ಮ ಮೊಹರನ್ನು ಒಮ್ಮೆ ನಂಬಿ, ಈ ಪತ್ರವನ್ನು ಒಂದೇ ಕಣ್ಣಿನಲ್ಲಿ ಬರೆದು ಮುಗಿಸಿದ,
ಬೊಳ್ಳಿಯ ಮನೆಯವಳು
ಶಶಿಪ್ರಭಾ
ನೆರಿಯ, ಬೆಳ್ತಂಗಡಿ ತಾಲೂಕು